ರಾಷ್ಟ್ರಪತಿ ಪದವಿ: ಸಾಮಾನ್ಯ ನಾಗರಿಕರು ಒಪ್ಪಿಯಾರೇ?

ಭಾರತದ ರಾಷ್ಟ್ರಪತಿಯಾಗಲು ಸಂವಿಧಾನ ಕೇಳುವ ಅರ್ಹತೆಗಳು ತೀರ ಕಡಿಮೆ. 58ನೇ ವಿಧಿಯ ಪ್ರಕಾರ ಅಭ್ಯರ್ಥಿ ಈ ದೇಶದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಯ ಸದಸ್ಯರಾಗಲು ಅರ್ಹರಿರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಓದು, ಆಸ್ತಿ, ಪಕ್ಷದ ಸದಸ್ಯತ್ವ, ಆಡಳಿತದ ಅನುಭವ ಯಾವುದನ್ನೂ ಅದು ಕೇಳುವುದಿಲ್ಲ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೂ ಕುಂದಾಪುರದ ನಿವೃತ್ತ ಶಿಕ್ಷಕಿಯೂ ಸಿಂಧನೂರಿನ ಭತ್ತದ ರೈತರೂ ಕಾನೂನಿನ ಕಣ್ಣಿಗೆ ಸಮಾನ ಅರ್ಹರು. ಇಂಥವರೊಬ್ಬರಿಗೆ ಆ ಪದವಿಯನ್ನು ನಿಜವಾಗಿ ನೀಡಲು ಮುಂದಾದರೆ ಅವರು ಒಪ್ಪಿಕೊಳ್ಳುತ್ತಾರೆಯೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಅವರು ಒಪ್ಪಿಕೊಳ್ಳಬೇಕಾದದ್ದು ಏನನ್ನು ಎಂಬುದು ಮೊದಲು ತಿಳಿಯಬೇಕು.

ನಮ್ಮ ಜನಪದ ಕತೆಗಳಲ್ಲಿ ಅರಸ ಮಕ್ಕಳಿಲ್ಲದೆ ಸತ್ತಾಗ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಊರೊಳಗೆ ಬಿಡುತ್ತಾರೆ. ಅದು ಯಾರ ಕೊರಳಿಗೆ ಮಾಲೆ ಹಾಕಿತೋ ಅವನೇ ರಾಜ. ದಾರಿಹೋಕನಾದರೂ ಸರಿ, ಭಿಕ್ಷುಕನಾದರೂ ಸರಿ. ಅವನಿಗೆ ಮನಸ್ಸಿದೆಯೇ ಎಂದು ಕತೆಯಲ್ಲಿ ಯಾರೂ ಕೇಳುವುದಿಲ್ಲ. ಗಣರಾಜ್ಯದಲ್ಲಿ ಕೇಳಲೇಬೇಕು. ರಾಷ್ಟ್ರಪತಿ ಚುನಾವಣೆಯ ನಾಮಪತ್ರಕ್ಕೆ ಸೂಚಕರು, ಅನುಮೋದಕರ ಸಹಿಯಷ್ಟೇ ಸಾಲದು, ಸ್ಪರ್ಧೆಗೆ ತಮ್ಮ ಸಮ್ಮತಿ ಇದೆಯೆಂದು ಅಭ್ಯರ್ಥಿಯೂ ಸಹಿ ಹಾಕಬೇಕು. ಅವರ ಒಪ್ಪಿಗೆಯಿಲ್ಲದೆ ಯಾರನ್ನೂ ಆ ಗದ್ದುಗೆಯಲ್ಲಿ ಕೂರಿಸುವಂತಿಲ್ಲ.

ಗಣರಾಜ್ಯದ ಮೊದಲ ವರ್ಷಗಳಲ್ಲಿ ಈ ಸಮ್ಮತಿಯನ್ನು ತಾವಾಗಿ ಕೊಡಲು ಮುಂದೆ ಬಂದವರಿದ್ದರು. 1952ರ ಕಾಯ್ದೆಯಡಿ ಒಬ್ಬ ಸೂಚಕ, ಒಬ್ಬ ಅನುಮೋದಕ ಸಿಕ್ಕರೆ ಸಾಕಿತ್ತು. ಚೌಧರಿ ಹರಿರಾಂ ಎಂಬವರು 1952ರಿಂದ 1969ರವರೆಗೆ ನಡೆದ ಐದೂ ಚುನಾವಣೆಗಳಲ್ಲಿ ನಿಂತರು. 1962ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಅವರಿಗೆ 5,53,067 ಮತಮೌಲ್ಯ ಬಂದಾಗ ಹರಿರಾಂ ಅವರಿಗೆ ಬಂದದ್ದು 6,341. ಅದೇ ಅವರ ಅತಿ ದೊಡ್ಡ ಗಳಿಕೆ. 1967ರಲ್ಲಿ ಕಣದಲ್ಲಿ 17 ಮಂದಿ ಇದ್ದರು. ಅವರಲ್ಲಿ ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ.

ಗೆಲ್ಲುವ ಆಸೆಯೇ ಇಲ್ಲದವರು ಕಣಕ್ಕಿಳಿಯುತ್ತಾರೆ, ಸೋತ ಮೇಲೆ ಸುಪ್ರೀಂ ಕೋರ್ಟಿಗೆ ತಕರಾರು ಒಯ್ಯುತ್ತಾರೆ ಎಂಬ ಕಾರಣ ಕೊಟ್ಟು 1974ರಲ್ಲಿ ಕಾನೂನನ್ನು ಬಿಗಿ ಮಾಡಲಾಯಿತು. ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಕಡ್ಡಾಯವಾದವು. 1997ರಲ್ಲಿ ಅದು ಐವತ್ತು ಸೂಚಕರು, ಐವತ್ತು ಅನುಮೋದಕರು, 15,000 ರೂಪಾಯಿಗೆ ಏರಿತು. ಇವರೆಲ್ಲ ಚುನಾಯಿತ ಸಂಸದರೋ ಶಾಸಕರೋ ಆಗಿರಬೇಕು. ಚಲಾವಣೆಯಾದ ಮತದ ಆರನೇ ಒಂದು ಪಾಲು ಬಾರದಿದ್ದರೆ ಠೇವಣಿ ಹೋಗುತ್ತದೆ. ಈಗಲೂ ಪ್ರತಿ ಚುನಾವಣೆಯಲ್ಲಿ ಸಾಮಾನ್ಯ ಜನ ದೆಹಲಿಗೆ ಹೋಗಿ ನಾಮಪತ್ರ ಸಲ್ಲಿಸುತ್ತಾರೆ, ಪರಿಶೀಲನೆಯ ದಿನ ಅವು ಒಟ್ಟಿಗೆ ತಿರಸ್ಕೃತವಾಗುತ್ತವೆ. ಅತ್ಯುನ್ನತ ಪದವಿಯ ಚುನಾವಣೆ ಹುಡುಗಾಟಿಕೆಯಾಗಬಾರದು ಎಂಬ ಕಾಳಜಿ ನ್ಯಾಯವಾದದ್ದೇ. ಆದರೆ ಸಂವಿಧಾನ ಅಗಲವಾಗಿ ತೆರೆದಿಟ್ಟ ಬಾಗಿಲಿಗೆ ಮುಂದೆ ಬಂದ ಕಾಯ್ದೆ ದೊಡ್ಡ ಅಗುಳಿ ಹಾಕಿದೆ. ಅರ್ಹತೆ ಕೋಟ್ಯಂತರ ಜನರಿಗಿದೆ, ಅಭ್ಯರ್ಥಿಯಾಗುವ ದಾರಿ ಮಾತ್ರ ಪಕ್ಷಗಳ ಕಚೇರಿಯ ಮೂಲಕವೇ ಹಾದುಹೋಗುತ್ತದೆ.

ಮತ ಹಾಕುವ ಹಕ್ಕೂ ನಾಗರಿಕರ ಕೈಯಲ್ಲಿ ನೇರವಾಗಿ ಇಲ್ಲ. ಸಂಸತ್ತಿನ ಎರಡೂ ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ ಮತದಾರರು. ಅವರ ಮತದ ಮೌಲ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಉತ್ತರ ಪ್ರದೇಶದವರದು 208, ಸಿಕ್ಕಿಂನವರದು 7. ಜನರೇ ನೇರವಾಗಿ ರಾಷ್ಟ್ರಪತಿಯನ್ನು ಆರಿಸಲಿ ಎಂದು ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಷಾ ವಾದಿಸಿದ್ದರು. ದೇಶವಿಡೀ ಮತ ಹಾಕಿ ಆರಿಸಿದ ವ್ಯಕ್ತಿಗೆ ನಿಜವಾದ ಅಧಿಕಾರವನ್ನೇ ಕೊಡದಿದ್ದರೆ ಅದು ಅಸಂಗತವಾಗುತ್ತದೆ ಎಂಬುದು ಜವಾಹರಲಾಲ್ ನೆಹರೂ ಅವರ ಉತ್ತರ. ಷಾ ಅವರ ತಿದ್ದುಪಡಿ ಬಿದ್ದುಹೋಯಿತು. 1952ರಲ್ಲಿ ಅವರು ರಾಜೇಂದ್ರ ಪ್ರಸಾದರ ಎದುರು ತಾವೇ ನಿಂತು 92,827 ಮತಮೌಲ್ಯ ಪಡೆದು ಸೋತರು.

ನೆಹರೂ ಅವರ ಉತ್ತರದಲ್ಲೇ ಈ ಪದವಿಯ ಸ್ವರೂಪ ಇದೆ. 53ನೇ ವಿಧಿ ಒಕ್ಕೂಟದ ಕಾರ್ಯಾಂಗದ ಅಧಿಕಾರವನ್ನೆಲ್ಲ ರಾಷ್ಟ್ರಪತಿಯಲ್ಲಿ ಇರಿಸುತ್ತದೆ. ಸೇನೆಯ ಪರಮೋಚ್ಚ ದಂಡನಾಯಕತ್ವವೂ ಅವರದೇ. 74ನೇ ವಿಧಿ ಅದೆಲ್ಲವನ್ನೂ ಮಂತ್ರಿಮಂಡಲದ ಸಲಹೆಗೆ ಕಟ್ಟಿಹಾಕುತ್ತದೆ. ಆ ಸಲಹೆಯಂತೆ ನಡೆಯುವುದು 1976ರ 42ನೇ ತಿದ್ದುಪಡಿಯಿಂದ ಕಡ್ಡಾಯವಾಯಿತು. ಮರುಪರಿಶೀಲಿಸಿ ಎಂದು ಒಮ್ಮೆ ಹಿಂದಿರುಗಿಸುವ ಅವಕಾಶವನ್ನು 1978ರ 44ನೇ ತಿದ್ದುಪಡಿ ಕೊಟ್ಟಿತು. ಅದೇ ಸಲಹೆ ಮತ್ತೆ ಬಂದರೆ ಸಹಿ ಹಾಕಲೇಬೇಕು. ಮಸೂದೆಗಳಿಗೆ ಅಂಕಿತ ಹಾಕುವಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ. ಮರಣದಂಡನೆಗೆ ಗುರಿಯಾದವರ ಕ್ಷಮಾದಾನದ ಅರ್ಜಿಗಳು 72ನೇ ವಿಧಿಯಡಿ ಇದೇ ಮೇಜಿಗೆ ಬರುತ್ತವೆ. ಅಲ್ಲೂ ಗೃಹ ಸಚಿವಾಲಯದ ಶಿಫಾರಸು ಮುಂದೆ, ರಾಷ್ಟ್ರಪತಿಯ ಸಹಿ ಹಿಂದೆ. ಸಾಮಾನ್ಯ ನಾಗರಿಕರು ಒಪ್ಪಿಕೊಳ್ಳಬೇಕಾದ ಕೆಲಸದ ತಿರುಳು ಇದೇ: ಬೇರೆಯವರು ಮಾಡಿದ ನಿರ್ಧಾರಕ್ಕೆ ತನ್ನ ಹೆಸರು ಬರೆಯುವುದು, ತನಗೆ ಸರಿ ಕಾಣದಿದ್ದರೆ ಒಂದು ಸಲ ಮಾತ್ರ ಅದನ್ನು ಹೇಳುವುದು.

ಅಂಥ ಸಹಿಯ ಭಾರ ಎಷ್ಟೆಂಬುದು 1975ರ ಜೂನ್ 25ರ ರಾತ್ರಿ ತಿಳಿಯಿತು. ಪ್ರಧಾನಿ ಇಂದಿರಾ ಗಾಂಧಿ ಅವರ ಶಿಫಾರಸಿನ ಮೇಲೆ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಸೇರಿ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಿಗ್ಗೆ. ಸಂಪುಟದ ತೀರ್ಮಾನ ಎಲ್ಲಿ ಎಂದು ಆ ರಾತ್ರಿ ಕೇಳಿದ್ದರೆ ಕೆಲವು ಗಂಟೆಗಳಾದರೂ ಸಿಗುತ್ತಿದ್ದವು. ಸಂಪುಟ ಲಿಖಿತವಾಗಿ ತಿಳಿಸದೆ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಎಂಬ ನಿಯಮ 44ನೇ ತಿದ್ದುಪಡಿಯಲ್ಲಿ ಸೇರಿದ್ದು ಈ ಅನುಭವದಿಂದಲೇ.

ಎರಡು ವರ್ಷದೊಳಗೆ ಅದೇ ಮೇಜಿನ ಮುಂದೆ ಕನ್ನಡಿಗರೊಬ್ಬರು ಕುಳಿತಿದ್ದರು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ವಕೀಲಿಕೆ ಮಾಡುತ್ತ ಜಮಖಂಡಿ ಪುರಸಭೆಯಿಂದ ಸಾರ್ವಜನಿಕ ಬದುಕಿಗೆ ಬಂದವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಿಂದ ಉಪರಾಷ್ಟ್ರಪತಿ. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಮುಂದಿನ ತಿಂಗಳು ಅಧಿಕಾರಕ್ಕೆ ಬಂದ ಮೊರಾರ್ಜಿ ದೇಸಾಯಿ ಸರ್ಕಾರ ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಶಿಫಾರಸು ಮಾಡಿತು. ಜತ್ತಿ ತಕ್ಷಣ ಸಹಿ ಹಾಕಲಿಲ್ಲ, ಯೋಚಿಸಲು ಸಮಯ ಬೇಕೆಂದರು. ದೆಹಲಿಯಲ್ಲಿ ದೊಡ್ಡ ಗದ್ದಲವೇ ಎದ್ದಿತು. ಕೊನೆಗೆ ಏಪ್ರಿಲ್ 30ರಂದು ಸಹಿ ಬಿತ್ತು. ಅವರು ತಡೆದದ್ದು ಹಳೆಯ ಪಕ್ಷದ ಮೇಲಿನ ಒಲವಿನಿಂದ ಎಂದು ಆಗ ಹೇಳಿದವರಿದ್ದಾರೆ. ಕಾರಣ ಯಾವುದೇ ಇರಲಿ, ಚುನಾಯಿತ ವಿಧಾನಸಭೆಗಳನ್ನು ಒಂದೇ ಏಟಿಗೆ ಮುಗಿಸುವ ಕಾಗದದ ಮುಂದೆ ಲೇಖನಿ ಒಂದು ಕ್ಷಣ ನಿಲ್ಲುವುದು ಆ ಪದವಿಗೆ ಸಲ್ಲುವ ನಡತೆಯೇ. 42ನೇ ತಿದ್ದುಪಡಿ ಜಾರಿಯಲ್ಲಿದ್ದ, 44ನೆಯದು ಇನ್ನೂ ಬಾರದಿದ್ದ ಕಾಲ ಅದು. ಹಿಂದಿರುಗಿಸುವ ದಾರಿ ಸಂವಿಧಾನದಲ್ಲಿ ಸ್ಪಷ್ಟವಾಗಿ ಬರೆದಿರಲಿಲ್ಲ.

ಆ ದಾರಿಯನ್ನು ಅಚ್ಚುಕಟ್ಟಾಗಿ ಬಳಸಿ ತೋರಿಸಿದವರು ಕೆ.ಆರ್. ನಾರಾಯಣನ್. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ತೆಗೆದು ರಾಷ್ಟ್ರಪತಿ ಆಳ್ವಿಕೆ ಹೇರಲು ಐ.ಕೆ. ಗುಜ್ರಾಲ್ ಸಂಪುಟ ಶಿಫಾರಸು ಕಳಿಸಿದಾಗ ಅವರು ಅದನ್ನು ಹಿಂದಿರುಗಿಸಿದರು. ಸಂಪುಟ ಕೈಬಿಟ್ಟಿತು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸಂಪುಟದ ಶಿಫಾರಸನ್ನೂ ಹಾಗೆಯೇ ಹಿಂದಿರುಗಿಸಿದರು. ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳು, ಒಂದೇ ಅಳತೆಗೋಲು. 1999ರ ಫೆಬ್ರುವರಿಯಲ್ಲಿ ಬಿಹಾರದ ಶಿಫಾರಸು ಮತ್ತೆ ಬಂದಾಗ ಸಂವಿಧಾನ ಹೇಳಿದಂತೆ ಸಹಿ ಹಾಕಿದರು. ಕೇಳುವ ಹಕ್ಕೂ ಮಣಿಯುವ ಕರ್ತವ್ಯವೂ ಒಬ್ಬರಲ್ಲೇ ಇರುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಭಾರತದ ಇತಿಹಾಸದಲ್ಲಿ ಇಲ್ಲ.

ಹಿಂದಿರುಗಿಸದೆ ಸಹಿ ಹಾಕಿದ ನೋವನ್ನು ಎ.ಪಿ.ಜೆ. ಅಬ್ದುಲ್ ಕಲಾಂ ತಾವೇ ಬರೆದಿಟ್ಟಿದ್ದಾರೆ. 2005ರ ಮೇ ತಿಂಗಳಲ್ಲಿ ಅವರು ಮಾಸ್ಕೋದಲ್ಲಿದ್ದಾಗ ಬಿಹಾರ ವಿಧಾನಸಭೆ ವಿಸರ್ಜನೆಯ ಶಿಫಾರಸು ಹೋಯಿತು. ಅಲ್ಲಿಂದಲೇ ಸಹಿ ಮಾಡಿ ಕಳಿಸಿದರು. ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕಲಾಂ ರಾಜೀನಾಮೆ ಪತ್ರ ಬರೆದರು. ಪ್ರಧಾನಿ ಮನಮೋಹನ್ ಸಿಂಗ್ ಕೇಳಿಕೊಂಡ ಮೇಲೆ ಅದನ್ನು ಕಳಿಸಲಿಲ್ಲ. 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆ ಬಂದಾಗ ಅದನ್ನು ಮರುಪರಿಶೀಲನೆಗೆ ಕಳಿಸಿದರು.

ಇದಕ್ಕೆ ಹೋಲಿಸಿದರೆ ಪದವಿಯ ಸೌಕರ್ಯಗಳ ವಿಷಯ ಚಿಕ್ಕದು. 2018ರಿಂದ ತಿಂಗಳಿಗೆ 5 ಲಕ್ಷ ರೂಪಾಯಿ ಸಂಬಳ, 340 ಕೋಣೆಗಳ ರಾಷ್ಟ್ರಪತಿ ಭವನ, ನಿವೃತ್ತಿಯ ನಂತರ ಪಿಂಚಣಿ, ವಾಸಕ್ಕೆ ಮನೆ. ಅವಧಿ ಐದು ವರ್ಷ, ಬೇಡವೆನಿಸಿದರೆ ಉಪರಾಷ್ಟ್ರಪತಿಗೆ ಪತ್ರ ಬರೆದು ಬಿಟ್ಟು ಬರಬಹುದು. ಕಳೆದುಕೊಳ್ಳುವುದೂ ಇದೆ. ಅಂಗಡಿ, ಹೊಲ, ಪಾಠಶಾಲೆ, ಸಂಜೆ ಕಟ್ಟೆಯ ಮೇಲೆ ಕೂತು ಸರ್ಕಾರವನ್ನು ಮನಸಾರೆ ಬೈಯುವ ಸ್ವಾತಂತ್ರ್ಯ ಎಲ್ಲವೂ ಹೋಗುತ್ತವೆ. ಸಂಸತ್ತಿನ ಜಂಟಿ ಅಧಿವೇಶನದಲ್ಲಿ ರಾಷ್ಟ್ರಪತಿ ಓದುವ ಭಾಷಣವೂ ಸರ್ಕಾರ ಬರೆದುಕೊಟ್ಟದ್ದೇ. ಸ್ವಂತ ಮಾತನ್ನು ನುಂಗಿಕೊಂಡು ಐದು ವರ್ಷ ಬದುಕುವುದು ಮಾತುಗಾರ ಸ್ವಭಾವದವರಿಗೆ ಸಂಬಳದಿಂದ ತುಂಬುವ ನಷ್ಟವಲ್ಲ.

ಇಂಥ ಆಹ್ವಾನ ಬಂದಾಗ ಬೇಡವೆಂದವರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಆಲ್ಬರ್ಟ್ ಐನ್‌ಸ್ಟೈನ್. 1952ರ ನವೆಂಬರ್ 9ರಂದು ಇಸ್ರೇಲಿನ ಮೊದಲ ಅಧ್ಯಕ್ಷ ಖೈಮ್ ವೈಜ್‌ಮನ್ ತೀರಿಕೊಂಡರು. ಪ್ರಧಾನಿ ಡೇವಿಡ್ ಬೆನ್ ಗುರಿಯನ್ ಅವರ ಪರವಾಗಿ ವಾಷಿಂಗ್ಟನ್ನಿನ ರಾಯಭಾರಿ ಅಬಾ ಎಬನ್ ಐನ್‌ಸ್ಟೈನ್ ಅವರಿಗೆ ಪತ್ರ ಕಳಿಸಿದರು. ಇಸ್ರೇಲಿಗೆ ಬಂದು ನೆಲೆಸಿ ಅಲ್ಲಿನ ಪೌರತ್ವ ಪಡೆಯಬೇಕು, ವಿಜ್ಞಾನದ ಕೆಲಸ ಮುಂದುವರಿಸಲು ಪೂರ್ಣ ಸ್ವಾತಂತ್ರ್ಯವಿರುತ್ತದೆ ಎಂಬುದು ಅದರ ಸಾರಾಂಶ. ಆಗ ಐನ್‌ಸ್ಟೈನ್ ಅವರಿಗೆ 73 ವರ್ಷ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ವಾಸ. ಮನಸ್ಸು ತುಂಬಿ ಬಂದಿದೆ, ಒಪ್ಪಲಾಗುತ್ತಿಲ್ಲವೆಂದು ದುಃಖವೂ ನಾಚಿಕೆಯೂ ಆಗುತ್ತಿದೆ ಎಂದು ಅವರು ಬರೆದರು. ಜೀವನವಿಡೀ ವಸ್ತುನಿಷ್ಠ ವಿಷಯಗಳೊಡನೆ ಕಳೆದ ತಮಗೆ ಜನರೊಡನೆ ವ್ಯವಹರಿಸುವ, ಅಧಿಕೃತ ಕೆಲಸಗಳನ್ನು ನಿರ್ವಹಿಸುವ ಸಹಜ ಸಾಮರ್ಥ್ಯವಾಗಲಿ ಅನುಭವವಾಗಲಿ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಇತ್ತ ಬೆನ್ ಗುರಿಯನ್ ತಮ್ಮ ಕಾರ್ಯದರ್ಶಿಯಾಗಿದ್ದ ಇಟ್ಜಾಕ್ ನವೋನ್ ಬಳಿ, ಆತ ಒಪ್ಪಿಬಿಟ್ಟರೆ ನಮಗೆ ಕಷ್ಟವಾಗುತ್ತದೆ ಎಂದು ಆತಂಕ ತೋಡಿಕೊಂಡಿದ್ದರು. ಅನಿಸಿದ್ದನ್ನು ಹೇಳದೆ ಇರಲಾರದ ಮನುಷ್ಯ ಅಲಂಕಾರದ ಗದ್ದುಗೆಯಲ್ಲಿ ಸುಮ್ಮನೆ ಕೂರುವವರಲ್ಲ ಎಂಬುದು ಐನ್‌ಸ್ಟೈನ್ ಅವರಿಗೂ ಬೆನ್ ಗುರಿಯನ್ ಅವರಿಗೂ ಗೊತ್ತಿತ್ತು. ಐನ್‌ಸ್ಟೈನ್ ಅವರ ನಿರಾಕರಣೆಯಲ್ಲಿ ಹೇಡಿತನ ಕಾಣುವುದಿಲ್ಲ. ಕೆಲಸ ಯಾವುದು, ತಾನು ಯಾರು ಎಂಬ ಎರಡನ್ನೂ ಸರಿಯಾಗಿ ಅಳೆದು ಕೊಟ್ಟ ಉತ್ತರ ಅದು.

ಐವತ್ತು ವರ್ಷಗಳ ನಂತರ ಇನ್ನೊಬ್ಬ ವಿಜ್ಞಾನಿ ಹೂಂ ಎಂದರು. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ರೂಪಿಸುತ್ತ ವೃತ್ತಿಯ ಮೊದಲ ವರ್ಷಗಳನ್ನು ಕಳೆದ ಕಲಾಂ 2002ರ ಜೂನ್‌ನಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಪ್ರಧಾನಿ ವಾಜಪೇಯಿ ದೂರವಾಣಿಯಲ್ಲಿ ಕೇಳಿದಾಗ ಎರಡು ಗಂಟೆ ಸಮಯ ಬೇಡಿದರು. ಆಪ್ತರನ್ನು ವಿಚಾರಿಸಿದಾಗ ಪಾಠಪ್ರವಚನದ ಬದುಕನ್ನು ಬಿಡಬೇಡಿ ಎಂದವರೂ ಇದ್ದರು, ದೇಶದ ಬೆಳವಣಿಗೆಯ ಕನಸನ್ನು ಸಂಸತ್ತಿನ ಮುಂದಿಡಲು ಇದೇ ಅವಕಾಶ ಎಂದವರೂ ಇದ್ದರು. ಕಲಾಂ ಒಪ್ಪಿದರು. ಅವರೆದುರು ನಿಲ್ಲಲು ಒಪ್ಪಿದವರು ಸುಭಾಷರ ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್. ಕಾನ್ಪುರದ ಆ ವೈದ್ಯೆಗೆ ಆಗ 87 ವರ್ಷ. ಸೋಲು ಖಚಿತವೆಂದು ತಿಳಿದೂ ನಿಂತರು. ಗೆಲ್ಲಲಾರದ ಸ್ಪರ್ಧೆಗೆ ಕೊಟ್ಟ ಒಪ್ಪಿಗೆಗೂ ಒಂದು ಘನತೆಯಿದೆ. 1982ರಲ್ಲಿ ಜೈಲ್ ಸಿಂಗ್ ಎದುರು ನಿಂತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಮಾತೂ ಅಷ್ಟೇ.

ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಸಾಮಾನ್ಯ ಮನೆಯಿಂದ ಬಂದವರು ರಾಷ್ಟ್ರಪತಿಯಾದದ್ದು ಭಾರತದ ಹೆಮ್ಮೆ. ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಂತಾಲಿ ಕುಟುಂಬದವರು, ರಾಜ್ಯದ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದವರು, ಶಾಲೆಯಲ್ಲಿ ಪಾಠ ಹೇಳಿದವರು. ರಾಷ್ಟ್ರಪತಿ ಭವನಕ್ಕೆ ಹೋಗುವ ಮುನ್ನ ಅವರು ಪುರಸಭಾ ಸದಸ್ಯೆ, ಶಾಸಕಿ, ಸಚಿವೆ, ರಾಜ್ಯಪಾಲರಾಗಿದ್ದು, ಸಾರ್ವಜನಿಕ ಬದುಕಿನಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್ ಹತ್ತು ವರ್ಷ ಉಪರಾಷ್ಟ್ರಪತಿಯಾಗಿದ್ದರು. ಕಲಾಂ ಕೂಡ ಅಷ್ಟರಲ್ಲಿ ಭಾರತರತ್ನ. ಅಂಗಡಿಯಿಂದಲೋ ತರಗತಿಯಿಂದಲೋ ನೇರವಾಗಿ ಆ ಪದವಿಗೆ ಹೋದ ಅನಾಮಿಕರು ಈವರೆಗೆ ಒಬ್ಬರೂ ಇಲ್ಲ.

ಅಂಥದ್ದು ಎಲ್ಲೂ ನಡೆದಿಲ್ಲವೆಂದಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಚೀಟಿ ಎತ್ತಿ ಆರಿಸಿದ 500 ಮಂದಿಯ ಸಭೆಯಿತ್ತು. ಹತ್ತು ಬುಡಕಟ್ಟುಗಳಿಂದ ತಲಾ ಐವತ್ತು ಮಂದಿ. ಒಂದೊಂದು ಬುಡಕಟ್ಟಿನ ಐವತ್ತು ಮಂದಿ ಸರದಿಯಂತೆ ವರ್ಷದ ಹತ್ತನೇ ಒಂದು ಭಾಗ ನಗರದ ಮೇಲ್ವಿಚಾರಣೆ ನೋಡುತ್ತಿದ್ದರು, ಅವರಲ್ಲಿ ದಿನಕ್ಕೊಬ್ಬನನ್ನು ಮತ್ತೆ ಚೀಟಿಯಿಂದಲೇ ಅಧ್ಯಕ್ಷನನ್ನಾಗಿ ಮಾಡುತ್ತಿದ್ದರು. ಒಂದು ಹಗಲು, ಒಂದು ರಾತ್ರಿ ಖಜಾನೆಯ ಬೀಗದ ಕೈಯೂ ರಾಜ್ಯದ ಮುದ್ರೆಯೂ ಅವನ ವಶ. ಜೀವನದಲ್ಲಿ ಎರಡನೇ ಸಲ ಆ ಅವಕಾಶವಿಲ್ಲ. ಹೆಂಗಸರು, ಗುಲಾಮರು, ಹೊರಗಿನವರು ಈ ಲೆಕ್ಕದಿಂದ ಹೊರಗೇ ಇದ್ದರು ಎಂಬುದು ಆ ವ್ಯವಸ್ಥೆಯ ದೊಡ್ಡ ಕಳಂಕ. ಕ್ರಿ.ಪೂ. 406ರಲ್ಲಿ ಅರ್ಗಿನೂಸೆಯ ನೌಕಾಯುದ್ಧದ ನಂತರ ಸೇನಾನಿಗಳನ್ನೆಲ್ಲ ಒಟ್ಟಾಗಿ ಒಂದೇ ಮತದಿಂದ ಶಿಕ್ಷಿಸಬೇಕೆಂದು ಜನಸಭೆ ಕೂಗೆಬ್ಬಿಸಿತು. ಅದು ಕಾನೂನಿಗೆ ವಿರುದ್ಧವಾಗಿತ್ತು. ಆ ದಿನ ಅಧ್ಯಕ್ಷತೆಯ ಸರದಿ ಸಾಕ್ರಟೀಸನದಾಗಿತ್ತು, ಅವನು ಆ ನಿರ್ಣಯವನ್ನು ಮತಕ್ಕೆ ಹಾಕಲು ಒಪ್ಪಲಿಲ್ಲ ಎಂದು ಕ್ಸೆನೊಫನ್ ಬರೆದಿದ್ದಾನೆ. ಸೇನಾನಿಗಳನ್ನು ಉಳಿಸಲು ಅಷ್ಟು ಸಾಲಲಿಲ್ಲ. ಕಲ್ಲು ಕೆಲಸದವನ ಮಗ, ಚೀಟಿಯಲ್ಲಿ ಬಂದ ಪದವಿ, ಒಂದೇ ದಿನದ ಅಧಿಕಾರ. ಅಷ್ಟರಲ್ಲೇ ಕಾನೂನಿನ ಪರ ಒಬ್ಬನೇ ನಿಲ್ಲಲು ಸಾಧ್ಯವಾಯಿತು.

ಈ ಎಲ್ಲ ಉದಾಹರಣೆಗಳನ್ನು ಎದುರಿಗಿಟ್ಟುಕೊಂಡರೆ ಸಾಮಾನ್ಯ ನಾಗರಿಕರು ಹಿಂಜರಿಯಲು ಹೇಳುವ ಕಾರಣಗಳಲ್ಲಿ ಕೆಲವು ಗಟ್ಟಿ, ಕೆಲವು ಟೊಳ್ಳು. ಕಾನೂನು ಗೊತ್ತಿಲ್ಲ, ಇಂಗ್ಲಿಷ್ ಬಾರದು ಎಂಬುವು ಟೊಳ್ಳು. ಸಂವಿಧಾನವೇ ಅವನ್ನು ಕೇಳಿಲ್ಲ, ಕಡತ ಓದಿ ವಿವರಿಸಲು ಸಚಿವಾಲಯವಿದೆ. ದೊಡ್ಡವರ ನಡುವೆ ನಮಗೇನು ಕೆಲಸ ಎಂಬ ಸಂಕೋಚ ಗಣರಾಜ್ಯಕ್ಕೆ ಒಪ್ಪುವಂಥದ್ದಲ್ಲ. ಕುಟುಂಬದ ನೆಮ್ಮದಿ, ಕೈಹಿಡಿದ ಕಸುಬು, ಬಾಯಿ ಬಿಚ್ಚಿ ಮಾತಾಡುವ ಸ್ವಭಾವ ಇವು ಗಟ್ಟಿಯಾದ ಕಾರಣಗಳು. ಒಪ್ಪುವವರಲ್ಲಿ ಇರಬೇಕಾದದ್ದು ಎರಡೇ ಗುಣ: ತನ್ನದಲ್ಲದ ನಿರ್ಧಾರವನ್ನು ಕಾನೂನಿಗೆ ತಲೆಬಾಗಿ ಒಪ್ಪುವ ತಾಳ್ಮೆ, ಸಹಿಗೆ ಮುಂಚೆ ಇದು ಸರಿಯೇ ಎಂದು ಒಮ್ಮೆ ಕೇಳುವ ಧೈರ್ಯ. ಸಹಕಾರ ಸಂಘದ ಲೆಕ್ಕಕ್ಕೆ ಕಣ್ಣುಮುಚ್ಚಿ ಸಹಿ ಹಾಕದ ಕಾರ್ಯದರ್ಶಿಯಲ್ಲಿ, ಮೇಲಿನವರ ಒತ್ತಡಕ್ಕೆ ಹಾಜರಿ ಪುಸ್ತಕ ತಿದ್ದದ ಮುಖ್ಯೋಪಾಧ್ಯಾಯಿನಿಯಲ್ಲಿ ಆ ಗುಣಗಳು ಇವೆ. ದೆಹಲಿಯಲ್ಲಿ ಬಹುಕಾಲ ಪಳಗಿದವರಲ್ಲೇ ಅವು ಹೆಚ್ಚು ಎನ್ನಲು ಇತಿಹಾಸ ಆಧಾರ ಕೊಡುವುದಿಲ್ಲ.

ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈನಲ್ಲಿ ಮುಗಿಯುತ್ತದೆ. ಕರ್ನಾಟಕದಿಂದ ಚುನಾಯಿತ ರಾಷ್ಟ್ರಪತಿಯಾದವರು ಈವರೆಗೆ ಯಾರೂ ಇಲ್ಲ, ಜತ್ತಿ ಅವರದು ಐದೂವರೆ ತಿಂಗಳ ಹಂಗಾಮಿ ಅಧಿಕಾರ. ನಾಮಪತ್ರಕ್ಕೆ ಬೇಕಾದದ್ದು ನೂರು ಚುನಾಯಿತರ ಸಹಿ. ನಮ್ಮ ವಿಧಾನಸಭೆಯಲ್ಲಿ 224 ಶಾಸಕರಿದ್ದಾರೆ. ಅವರಲ್ಲಿ ಐವತ್ತು ಮಂದಿ ಸೂಚಿಸಿ ಇನ್ನೈವತ್ತು ಮಂದಿ ಅನುಮೋದಿಸಿದರೆ ಪಕ್ಷದ ಹಂಗಿಲ್ಲದ ಒಬ್ಬ ನಾಗರಿಕರ ಹೆಸರು ಅಧಿಕೃತವಾಗಿ ಕಣಕ್ಕೆ ಬರುತ್ತದೆ. ತಮ್ಮ ಕ್ಷೇತ್ರದ ಶಾಸಕರನ್ನು ಹಾಗೆಂದು ಕೇಳಲು ಮತದಾರರಿಗೆ ಯಾವ ಅಡ್ಡಿಯೂ ಇಲ್ಲ.